ಬೊಟ್ಟಿಲ್ಲದ ಸಮ

ಗದಿಗೆಪ್ಪ ಮಾಸ್ತರರು ಕಳೆದ ಭಾನುವಾರ ಸಂಜೆ ತೀರಿಕೊಂಡರು. ಹೃದಯ ನಿಂತಿತು ಎಂದರು ಡಾಕ್ಟರು. ಧಾರವಾಡದ ಕಡೆಯವರು, ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತ, ಆಂಟಾಪ್ ಹಿಲ್‌ನ ಖೋಲಿಯಲ್ಲಿ ಹೆಂಡತಿ ಚಂದ್ರವ್ವನೊಡನೆ ಇದ್ದರು.

ಗಣಿತದ ಮಾಸ್ತರರಾದರೂ ಅವರಿಗೆ ಸಮ ಚಿಹ್ನೆಯ ಮೇಲೆ ನಂಬಿಕೆ ಇರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಫೋರ್ಟಿನ ಉಡುಪಿ ಹೋಟೆಲಿಗೆ ಬಂದು, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೋನಪ್ಪನನ್ನು ಕರೆದು, ಲೋಟದ ನೀರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಬರೆಯುವರು.

"ತ್ರಿಕೋನದ ಮೂರು ಕೋನ ಕೂಡಿದರ ಎರಡು ಲಂಬಕೋನಕ್ಕ ಸಮ. ಇದನ್ನ ಸಾಧಿಸಿ ತೋರಿಸಬೇಕು. ಐದರ ಸೊನ್ನೆಯ ಘಾತ ಒಂದಕ್ಕ ಸಮ. ಇದನ್ನ ಯಾರೂ ಸಾಧಿಸಿಲ್ಲ, ಹಂಗಂತ ಇಟ್ಕೊಂಡೀವಿ."

"ಹಾಗಾದರೆ ಎಂತ ಬೇಕಾದರೂ ಇಟ್ಟುಕೊಳ್ಳಬಹುದಲ್ಲ ಮಾಸ್ಟ್ರೇ?"

"ಇಟ್ಕೋರಿ. ಮೊದಲಿಂದ ಇದ್ದದ್ದಕ್ಕ ಬಡೀಬಾರದು, ಅಷ್ಟ."

ಇಟ್ಟುಕೊಂಡ ಸಮದ ನೆತ್ತಿಗೆ ಅವರು ಒಂದು ಬೊಟ್ಟು ಇಡುತ್ತಿದ್ದರು. ಬೊಟ್ಟಿಲ್ಲದೆ ಬರೆಯುವವನು ತಾನು ಇಟ್ಟುಕೊಂಡದ್ದನ್ನೇ ಸತ್ಯವೆಂದು ಸಾಗಹಾಕುತ್ತಾನೆ ಎಂಬುದು ಅವರ ಗುಮಾನಿ. ಅವರು ಹೋದ ಮೇಲೆ ಬಂದ ಶನಿವಾರ ಆ ಮೇಜಿಗೆ ಮೋನಪ್ಪ ಯಾರನ್ನೂ ಕೂರಿಸಲಿಲ್ಲ.

ಆದರೆ ಮಾಸ್ತರರು ಸಾಯುವ ಹೊತ್ತಿಗೆ ಮೋನಪ್ಪನ ಗುಮಾನಿ ಅವರ ಮೇಲೆಯೇ ಇತ್ತು. ಹಿಂದಿನ ವರ್ಷವಷ್ಟೇ ಭಾಷೆ ನೋಡಿ ರಾಜ್ಯಗಳನ್ನು ವಿಂಗಡಿಸಿದ್ದರು. ಯಾರು ಯಾವ ಕಡೆಯವರು ಎಂಬ ಮಾತು ಎಲ್ಲೆಲ್ಲೂ ಇತ್ತು. ಕನ್ನಡಿಗರ ಸಂಘವೊಂದು ಜೋಗೇಶ್ವರಿಯಲ್ಲಿ ಸದಸ್ಯರಿಗೆ ಖೋಲಿ ಕಟ್ಟಿಸಲು ಹೊರಟಿತ್ತು. ಚಾಳಿನ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹೆಂಡತಿ ಸೇವಂತಿ, ಮಕ್ಕಳೊಡನೆ ಸಂಸಾರ ಹೂಡಿದ್ದ ಮೋನಪ್ಪನ ಹೆಸರೂ ಯಾದಿಯಲ್ಲಿತ್ತು. ಒಂದು ದಿನ ಮಾಸ್ತರರು ಅಲ್ಲಿಗೇ ಬಂದರು.

"ಮನ್ಯಾಗ ಏನು ಮಾತಾಡ್ತೀರಿ?"

"ತುಳು."

"ಮಕ್ಕಳ ಜೋಡಿನೂ?"

"ಹೌದು."

ಹೂಂ ಎಂದು ಎದ್ದರು. ಕಾಫಿ ಮುಟ್ಟಲಿಲ್ಲ. ಇವರಿಗೆ ಅದೆಲ್ಲ ಯಾಕಂತೆ ಎಂದು ಸೇವಂತಿ ದನಿ ತಗ್ಗಿಸಿ ಕೇಳಿದಳು.

ಕಳೆದ ಭಾನುವಾರ ಸಂಘದ ಸಭೆಯಲ್ಲಿ ಉತ್ತರ ಕರಿಹಲಗೆಯ ಮೇಲೇ ಇತ್ತು. ಸಂಘದ ಕಾರ್ಯದರ್ಶಿ, ಬೆಳಗಾವಿಯ ಅರಿವೆ ವ್ಯಾಪಾರಿ ಸಿದ್ದಲಿಂಗಪ್ಪನವರು ಹೊಸ ನಿಯಮ ಬರೆದಿದ್ದರು: ಕನ್ನಡಿಗ = ಮನೆಯಲ್ಲಿ ಕನ್ನಡ ಆಡುವವನು. ಆ ಎರಡು ಗೆರೆ ಮೋನಪ್ಪನ ಕಣ್ಣಿಗೆ ಬಿದ್ದವು. ಹೀಗೆ ಸಮ ಚಿಹ್ನೆ ಹಾಕಿ ಬರೆಯುವವರು ಸಂಘದಲ್ಲಿ ಮಾಸ್ತರರೊಬ್ಬರೇ, ಬರೆಸಿದವರೂ ಅವರೇ ಎಂದುಕೊಂಡ. ಅವನು ಹಿಂದಿನ ಸಾಲಿಗೆ ಹೋಗಿ ಕೂತ.

ಮಾಸ್ತರರು ಎದ್ದರು. "ಸಿದ್ದಲಿಂಗಪ್ಪನವರ, ನನ್ನ ಚಿಹ್ನೆ ಎತ್ತಿಕೊಂಡೀರಿ, ಬೊಟ್ಟು ಬಿಟ್ಟೀರಿ. ಇದು ಸಾಧಿಸಿದ್ದೋ, ಇಟ್ಕೊಂಡದ್ದೋ?"

"ಇಟ್ಕೊಂಡದ್ದರಿ. ವ್ಯಾಖ್ಯೆ."

"ಹಂಗಾದ್ರ ಹೆಸರು ಯಾವುದಾದ್ರೂ ನಡೀತೈತಿ. ಕನ್ನಡಿಗ ಅನ್ನೂದು ಒರಸಿ ಬದನಿಕಾಯಿ ಅಂತ ಬರೀರಿ. ಬದನಿಕಾಯಿಗೆ ಮಾತ್ರ ಖೋಲಿ."

ಸಭೆ ನಕ್ಕಿತು. "ಬದನಿಕಾಯಿಗೆ ಯಾವನು ವರ್ಗಣಿ ರೊಕ್ಕ ಕೊಡ್ತಾನ್ರಿ?" ಎಂದು ಸಿದ್ದಲಿಂಗಪ್ಪನವರು ಸಿಡುಕಿದರು.

"ಅಂದ್ರ ಆ ಹೆಸರಿಗೆ ಮೊದಲಿಂದನ ಒಂದು ಅರ್ಥ ಐತಿ. ಅದಕ್ಕ ಬಡಿಯೂ ಹಂಗ ಇಟ್ಕೋಬಾರದು. ಮೋನಪ್ಪನವರ, ಮನ್ಯಾಗ ಏನು ಮಾತಾಡ್ತೀರಿ, ಹೇಳ್ರಿ."

ಎಲ್ಲರೂ ತಿರುಗಿ ನೋಡಿದರು. ಹಿಡಿದುಕೊಡಲಿಕ್ಕೇ ಅವತ್ತು ಮನೆಗೆ ಬಂದದ್ದು ಎಂದು ಮೋನಪ್ಪನಿಗೆ ಖಾತ್ರಿಯಾಯಿತು. "ನನ್ನ ಮನೆ ಮಾತು ನಿಮಗೆ ಎಂತಕ್ಕೆ? ನಿಮ್ಮ ಮನೆಯದ್ದು ಹೇಳಿ ಮಾರಾಯ್ರೆ!"

"ಮರಾಠಿ," ಎಂದರು ಮಾಸ್ತರರು.

ಚಂದ್ರವ್ವ ಪುಣೆಯಲ್ಲಿ ಹುಟ್ಟಿ ಬೆಳೆದವಳು. ಅವರ ಸಂಸಾರವೆಲ್ಲ ಮರಾಠಿಯಲ್ಲೇ ನಡೆದಿತ್ತು. ಸಭೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

"ಈ ಸಮ ನಿಂತರ ನಾ ಕನ್ನಡಿಗ ಅಲ್ಲ," ಎಂದು ಮೇಜಿನ ಮೇಲಿದ್ದ ಯಾದಿಯಲ್ಲಿ ತಮ್ಮ ಹೆಸರನ್ನು ತಾವೇ ಹೊಡೆದುಹಾಕಿ, ಹಿಂದೆ ಬಂದು ಮೋನಪ್ಪನ ಪಕ್ಕ ಕೂತರು. ಮೋನಪ್ಪ ಕುರ್ಚಿ ಸರಿಸಿಕೊಂಡ. ಇದರಲ್ಲೂ ಏನೋ ಮಸಲತ್ತು ಇದ್ದೀತು ಎಂದೇ ಅವನಿಗನ್ನಿಸಿತು.

ನಿಯಮ ಬೇಡ ಎನ್ನುವವರು ಕೈ ಎತ್ತಬೇಕೆಂದು ಸಿದ್ದಲಿಂಗಪ್ಪನವರು ಕೂಗಿದರು. ಮಾಸ್ತರರ ಕೈ ಮೊದಲು ಎದ್ದಿತು.

"ನಿಮಗ ಮತ ಇಲ್ಲರಿ ಮಾಸ್ತರ! ಹೆಸರು ನೀವ ಹೊಡಕೊಂಡೀರಿ."

"ಅದೂ ಖರೇನ," ಎಂದು ಮಾಸ್ತರರು ನಕ್ಕರು.

ನಿಯಮ ಬಿದ್ದುಹೋಯಿತು. ಅವರಿಗದು ತಿಳಿಯಲಿಲ್ಲ, ಕೈ ಎಣಿಸಿ ಮುಗಿಸುವಷ್ಟರಲ್ಲಿ ಅವರ ತಲೆ ಎದೆಗೆ ವಾಲಿತ್ತು. ಅದಕ್ಕೆ ಮುಂಚೆ, ಎತ್ತಿದ್ದ ಕೈಯನ್ನು ಇಳಿಸಿ, ಆ ಕೈಯಿಂದಲೇ ಮೋನಪ್ಪನ ಮೊಣಕೈ ಹಿಡಿದು ಮೇಲಕ್ಕೆತ್ತಿದ್ದರು.