ಗಣಿಯ ಪಕ್ಕದ ಬಾವಿ, ಬಸ್ಸಿನಲ್ಲಿ ಬಂದ ನೀರು

ನನ್ನ ಹೆಂಡತಿಯ ಪ್ರಕಾರ ನನಗೆ ಸಂಬಳ ಕೊಡುವುದೇ ಗಾಬರಿಪಡುವುದಕ್ಕೆ. ಪೂರ್ತಿ ಸುಳ್ಳೇನಲ್ಲ. ಯಶವಂತಪುರದ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ತುಮಕೂರು ರಸ್ತೆ ಹಿಡಿದು ಬಹಳ ದೂರ ಹೋದರೆ ನೆಲದಡಿಯ ತಾಮ್ರದ ಗಣಿಯೊಂದು ಸಿಗುತ್ತದೆ. ಅದರ ಸುರಂಗಗಳಲ್ಲಿ ಜಿನುಗುವ ನೀರನ್ನು ಪಂಪು ಹಾಕಿ ಮೇಲೆತ್ತಿ ಹೊಂಡದಲ್ಲಿ ನಿಲ್ಲಿಸುತ್ತಾರೆ. ಆ ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತಿದೆಯೇ ಎಂದು ನಾವು ಪ್ರತಿ ತಿಂಗಳು ನೋಡಬೇಕು. ಇಳಿಯದಿರಲಪ್ಪಾ ಎಂದು ಹಾರೈಸುವುದು ಕೆಲಸದಲ್ಲಿ ಸೇರಿಲ್ಲ. ಅದನ್ನು ನಾನು ಪುಕ್ಕಟೆ ಮಾಡುತ್ತೇನೆ.

ಗಣಿಗೆ ತೀರಾ ಹತ್ತಿರದ ಬಾವಿಯೇ ಅಲ್ಲಿನ ಹಳ್ಳಿಯವರು ಕುಡಿಯುವ ಬಾವಿ. ಪ್ರತಿ ತಿಂಗಳು ನೀರು ತುಂಬಿಸಿ ತರುತ್ತಿದ್ದ ನಮ್ಮ ಪ್ರಯೋಗಾಲಯದವರೊಬ್ಬರು ಒಂದು ಸಲ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಕೂತರು. ನಮ್ಮ ಖಾಲಿ ಬಾಟಲಿಗಳು ಬಾವಿ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇದ್ದವು. ನಾನೇ ಫೋನು ಮಾಡಿ, "ಅಜ್ಜಿ, ಚೊಕ್ಕಟವಾಗಿ ತುಂಬಿಸಿ ಬಸ್ಸಿಗೆ ಕೊಡಿ" ಎಂದೆ. ಮರುದಿನ ಗೊರಗುಂಟೆಪಾಳ್ಯದ ಬಸ್ ನಿಲ್ದಾಣದಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ ಕಾದೆ. ಕಂಡಕ್ಟರು ಚೀಲ ಚಾಚಿ, "ಏನ್ ಸಾರ್ ಇದು, ಗಂಗಾಜಲಾನಾ? ಅಜ್ಜಿ ಅಲ್ಲಾಡಿಸ್ಬೇಡ ಅಂತ ಆಣೆ ಹಾಕ್ಸಿದಾರೆ" ಎಂದರು.

ಪರೀಕ್ಷೆ ಮಾಡಿದರೆ ತಾಮ್ರ ವಿಪರೀತ ಏರಿತ್ತು.

ಕುರ್ಚಿಯಲ್ಲಿ ಕೂತಲ್ಲೇ ಆ ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದ್ದು, ಊರಿಗೆ ಟ್ಯಾಂಕರ್ ಬಂದದ್ದು, ಕೊಡ ಹಿಡಿದು ಜಗಳವಾಡುವ ಸಾಲು, ಎಲ್ಲವೂ ನನಗೆ ಕಂಡುಬಿಟ್ಟಿತು. ಅಜ್ಜಿಗೆ ಫೋನು ಮಾಡಿ, ನಾವು ಹೇಳುವವರೆಗೆ ಯಾರೂ ಆ ನೀರು ಕುಡಿಯಬೇಡಿ ಎಂದೆ.

"ಯಾಕಪ್ಪಾ, ಬಾವಿ ಕೆಟ್ಟೋಯ್ತಾ? ನಮ್ಮತ್ತೆ ಕಾಲ್ದಿಂದ ಕುಡೀತಿರೋ ನೀರು ಕಣಪ್ಪಾ."

ನೋಡಿ ಹೇಳುತ್ತೇವೆ ಎಂದು ಫೋನಿಟ್ಟೆ. ಅಂದಿನಿಂದ ಅವರೆಲ್ಲ ಪಕ್ಕದೂರಿನ ನಲ್ಲಿಗೆ ನಡೆಯತೊಡಗಿದರು.

ಬಾವಿ ಮುಚ್ಚಿಸಬೇಕೆಂದು ವರದಿ ಬರೆಯಲು ಕೂತಿದ್ದೆ. ನನ್ನ ಜೊತೆ ಕೆಲಸ ಮಾಡುವಾಕೆ ಹಿಂದಿನಿಂದ ಬಗ್ಗಿ ನೋಡಿದರು. "ಸಾರ್, ಆಗ್ಲೇ ಬಾವಿಗೆ ತಿಥಿ ಮಾಡ್ತಿದೀರಾ? ಗಣಿ ನೀರಲ್ಲಿ ತುಂಬಿರೋ ಸಲ್ಫೇಟ್ ಇದ್ರಲ್ಲಿ ಏರೇ ಇಲ್ವಲ್ಲ! ಹೊಂಡದ ನೀರು ಬಂದಿದ್ರೆ ಅದೂ ಜೊತೇಲೇ ಬರ್ಬೇಕಿತ್ತು. ನೀರು ಹೇಗೆ ತುಂಬಿಸಿದ್ರು ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಗಾಬರಿಯಾಗಲು ನನಗೆ ಅಷ್ಟೊಂದು ವಿವರ ಬೇಕಾಗುವುದಿಲ್ಲ. ಮತ್ತೆ ಅಜ್ಜಿಗೆ ಫೋನು ಹಚ್ಚಿದೆ.

"ಹೆಂಗೆ ಅಂದ್ರೆ? ಬೆಂಗ್ಳೂರಿಗೆ ಹೋಗೋ ನೀರು ಅಂತ ತಾಮ್ರದ ಕೊಡಕ್ಕೆ ಹುಣ್ಸೆಹಣ್ಣು ಹಚ್ಚಿ ಬೆಳಗ್ದೆ. ನೀರು ಸೇದಿ ತುಂಬಿ, ರಾತ್ರಿಯೆಲ್ಲಾ ಮಣ್ಣು ತಳಕ್ಕಿಳಿಯಾಕೆ ಬಿಟ್ಟು, ಮೇಲಿನ ತಿಳಿನೀರು ಬಗ್ಗಿಸಿ ಕೊಟ್ಟೆ. ನೀನೇ ಚೊಕ್ಕಟವಾಗಿ ಅಂದ್ಯಲ್ಲಪ್ಪಾ! ಕಂಡೋರ ಮನೆಗೆ ಕಳ್ಸೋ ನೀರನ್ನ ಪ್ಲಾಸ್ಟಿಕ್ ಬಿಂದ್ಗೇಲಿ ಕೊಡಾಕಾಗ್ತದಾ?"

ಹುಣಸೆಯ ಹುಳಿ ತಗುಲಿದ ಕೊಡ ರಾತ್ರಿಯಿಡೀ ನೀರಿಗೆ ತಾಮ್ರ ಬಿಟ್ಟಿರಬೇಕು. ನೆಂಟರಿಗೆ ಮನೆಯ ಒಳ್ಳೆಯ ಕೊಡದಲ್ಲೇ ನೀರು ಕೊಡುವ ರೂಢಿ ಅವರದು. ನಮ್ಮ ಪರೀಕ್ಷೆಯ ಯಂತ್ರಕ್ಕೂ ಆ ಉಪಚಾರವೇ ನಡೆದಿತ್ತು. ಆದರೆ "ಇರಬೇಕು" ಎಂಬ ಮಾತನ್ನು ನಂಬಿ ಊರಿಗೆ ನೀರು ಕುಡಿಸಲಾಗದು. ಈ ಸಲ ಕೊಡ ಬೇಡ, ಎಂದಿನ ಬಕೆಟ್ಟಿನಲ್ಲಿ ಸೇದಿ ನೇರ ಬಾಟಲಿಗೆ ಹಾಕಿ ಎಂದೆ. "ಹಂಗೇ ಕೊಟ್ರೆ ಮರ್ಯಾದೆ ಅಲ್ಲ, ನಿನ್ನಿಷ್ಟ" ಎಂದು ಗೊಣಗಿದರು.

ಮತ್ತೆ ಗೊರಗುಂಟೆಪಾಳ್ಯ, ಮತ್ತೆ ಚೀಲ. ತಾಮ್ರ ಹಿಂದಿನ ತಿಂಗಳುಗಳಷ್ಟೇ ಇತ್ತು. ನಂಬದೆ ಇನ್ನೊಮ್ಮೆ ಮಾಡಿದೆ. "ಸಾಕು ಬಿಡಿ ಸಾರ್, ಬಾಟಲಿ ಖಾಲಿಯಾಗುತ್ತೆ" ಎಂದು ಆಕೆ ಕೈಯಿಂದ ಕಿತ್ತುಕೊಂಡರು. ಅಂದು ಆಕೆ ಬಗ್ಗಿ ನೋಡದಿದ್ದರೆ ಏನಾಗುತ್ತಿತ್ತೆಂದು ನೆನೆದು ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

"ಅಜ್ಜಿ, ನಿಮ್ಮ ಬಾವಿ ಚೆನ್ನಾಗಿದೆ. ಕುಡೀಬಹುದು."

"ನಿಜವಾಗ್ಲೂ? ಊರೋರ್ಗೆ ಹೇಳ್ಬಿಡ್ಲಾ?"

"ಹೇಳಿ ಅಜ್ಜಿ."

ಫೋನು ಕತ್ತರಿಸುವುದನ್ನು ಮರೆತು ಅವರು ಹೊರಗೋಡಿದರು. "ಏ, ಬರ್ರೇ, ಸೇದ್ಕಳ್ರೇ!" ಎಂಬ ಕೂಗು ಕೇಳಿತು. ಯಾರೋ ನಕ್ಕರು. ಆಮೇಲೆ ಎಣ್ಣೆ ಕಾಣದ ರಾಟೆಯ ಕಿರುಗುಟ್ಟುವಿಕೆ. ನಾನೂ ಫೋನು ಕತ್ತರಿಸಲಿಲ್ಲ.