ದೊಡ್ಡಮ್ಮನ ಮುಂದಿನ ದೆವ್ವ

ನನ್ನ ಮಗ ಬಟ್ಟೆ ಕಪಾಟಿನ ಬಾಗಿಲಿಗೆ ಬಾಯಿ ಹಚ್ಚಿ, "ಸುಮ್ನೆ ಕೂತ್ಕೋ. ಆಚೆ ಬಂದ್ರೆ ನೋಡು" ಎಂದು ಗದರಿಸುತ್ತಿದ್ದುದನ್ನು ಕೇಳಿದಾಗ ನನ್ನ ಅನುಮಾನ ನೇರವಾಗಿ ಹೋದದ್ದು ದೊಡ್ಡಮ್ಮನ ಮೇಲೆ. ಒಳಗೆ ಯಾರಿದ್ದಾರೋ ಪುಟ್ಟ ಎಂದು ಕೇಳಿದೆ. "ಕೂದಲು ಬಿಟ್ಕೊಂಡಿರೋಳು" ಎಂದ. ಇನ್ನೂ ನಾಲ್ಕು ತುಂಬದ ಮಗು! ಕಪಾಟು ತೆಗೆಯಲು ಗಂಡ ಬರುವವರೆಗೆ ಕಾದೆ. ಅವರು ತೆಗೆದು, "ನಿನ್ನ ಬಟ್ಟೆ ಇವೆ, ಮಡಚದೆ ತುರುಕಿರೋದು. ಇದಕ್ಕಿಂತ ಭಯಂಕರವಾದದ್ದು ಏನೂ ಇಲ್ಲ" ಎಂದರು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಮನೆ. ನಾನು ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದಂದಿನಿಂದ ಪುಟ್ಟನನ್ನು ನೋಡಿಕೊಳ್ಳುವವಳು ಅವಳೇ. ಅದಕ್ಕೂ ಮುಂಚೆ ಬದುಕಿನ ಮುಕ್ಕಾಲು ಪಾಲು ಅವಳು ಕಳೆದದ್ದು ಒಂದು ಎಕ್ಸ್‌ರೇ ಕೇಂದ್ರದ ಕತ್ತಲೆ ಕೋಣೆಯಲ್ಲಿ. ಒಂದು ಕೆಂಪು ಬಲ್ಬು, ದ್ರಾವಣ ತುಂಬಿದ ತೊಟ್ಟಿ, ಕ್ಲಿಪ್ಪಿಗೆ ನೇತುಹಾಕಿದ ಫಿಲಮ್ಮುಗಳು. ತೊಟ್ಟಿಯಿಂದ ಯಾರದೋ ತಲೆಬುರುಡೆ ಮೆಲ್ಲಗೆ ಮೂಡಿ ಬರುತ್ತಿದ್ದರೆ ಅವಳು ಸಂಜೆಗೆ ಯಾವ ತರಕಾರಿ ಕೊಳ್ಳಲಿ ಎಂದು ಯೋಚಿಸುತ್ತಿದ್ದಳಂತೆ. ಆ ದ್ರಾವಣದ ಕಂದು ಕಲೆ ಕೆಲಸ ಬಿಡುವವರೆಗೂ ಉಗುರುಗಳಿಂದ ಹೋಗಲೇ ಇಲ್ಲ.

ಒಂದು ದಿನ ಯಾರೋ ರೋಗಿ ಬೆಂಚಿನ ಮೇಲೆ ಒಂದು ದೆವ್ವದ ಕಾದಂಬರಿ ಬಿಟ್ಟು ಹೋದರು. ಫಿಲಮ್ಮು ಒಣಗುವಷ್ಟರಲ್ಲಿ ದೊಡ್ಡಮ್ಮ ಅರ್ಧ ಓದಿದಳು. "ಅವತ್ತು ಕತ್ತಲೆ ಕೋಣೆಗೆ ಹೋಗೋಕೆ ಕಾಲೇ ಏಳಲಿಲ್ಲ ಕಣೇ!" ಬೇರೆಯವರು ಮೊದಲ ಪ್ರೀತಿಯ ಬಗ್ಗೆ ಹೇಳುವಾಗ ಮುಖ ಹೇಗೆ ಅರಳುತ್ತದೋ ಹಾಗೆ ಅರಳಿಸಿಕೊಂಡು ಹೇಳುತ್ತಾಳೆ. ಆಮೇಲೆ ಹೊಸ ಯಂತ್ರ ಬಂತು, ಕತ್ತಲೆ ಕೋಣೆ ಮುಚ್ಚಿತು. ಆ ಕಾದಂಬರಿಕಾರ ಮಾತ್ರ ನಿಲ್ಲಿಸಲಿಲ್ಲ. ಅವನು ಬರೆಯುವ ವೇಗಕ್ಕೆ ದೆವ್ವಗಳಿಗೇ ಸುಸ್ತಾಗಿರಬೇಕು. ಬೀದಿ ಕೊನೆಯ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಒಂದು ಗೋಡೆ ಪೂರ್ತಿ ಅವನದೇ. ಅದೇ ಬೀಗ ಹಾಕಿದ ಕೋಣೆ, ಅದೇ ಬಾವಿ. ಓದಿ ಓದಿ ದೊಡ್ಡಮ್ಮನ ಮೈ ಜಡ್ಡುಗಟ್ಟಿತ್ತು. ಮುಂದೆ ಯಾವುದನ್ನು ಓದಿದರೆ ಭಯವಾದೀತು ಎನ್ನುವುದೇ ಅವಳ ದೊಡ್ಡ ಚಿಂತೆ.

"ಪುಟ್ಟನಿಗೆ ಆ ಕಥೆಗಳನ್ನ ಓದಿ ಹೇಳ್ತೀಯಾ?" ಎಂದು ಕೇಳಿಯೇಬಿಟ್ಟೆ.

"ಒಂದಕ್ಷರ ಹೇಳಿಲ್ಲ, ನಿನ್ನಾಣೆ" ಎಂದಳು. ಉತ್ತರ ತೀರಾ ಬೇಗ ಬಂತು. ಅದೂ ನನ್ನ ಮುಖ ನೋಡದೆ, ಒಲೆ ಮೇಲಿನ ಹಾಲು ನೋಡುತ್ತಾ. ಹಾಲು ಉಕ್ಕುವ ಹಾಗೇನೂ ಇರಲಿಲ್ಲ.

ಮಾರನೇ ದಿನ ಅರ್ಧ ದಿನ ರಜೆ ಹಾಕಿ ಬಂದು, ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು, ನನ್ನದೇ ಮನೆ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಳಗೆ ದೊಡ್ಡಮ್ಮನ ಪಿಸುಮಾತು: "ಇದು? ನಗು ಬಂತಾ? ಹಾಗಾದ್ರೆ ಬಿಡು. ಇದು?" ಬಾಗಿಲು ತಳ್ಳಿದೆ. ನೆಲದ ಮೇಲೆ ಮೂರು ಕಾದಂಬರಿಗಳು, ಮುಖಪುಟ ಮೇಲೆ ಮಾಡಿ. ಪುಟ್ಟ ಒಂದನ್ನು ಎರಡೂ ಕೈಯಲ್ಲಿ ಎತ್ತಿ ಓಡಿ, ಕಪಾಟಿಗೆ ಎಸೆದು, ಧಡಾರನೆ ಬಾಗಿಲು ಹಾಕಿ ಬೆನ್ನು ಒತ್ತಿ ನಿಂತ. ದೊಡ್ಡಮ್ಮ ಚಪ್ಪಾಳೆ ತಟ್ಟಿ, "ಸಿಕ್ತು!" ಎಂದಳು. ಆಮೇಲೆ ನನ್ನನ್ನು ನೋಡಿದಳು.

ವಿಷಯ ಇಷ್ಟು. ಅಂಗಡಿಯವರು ಹಳೇ ಗಿರಾಕಿ ಎಂದು ಮೂರು ಪುಸ್ತಕ ಕೊಟ್ಟು, ಬೇಡದ ಎರಡನ್ನು ವಾಪಸ್ ತೆಗೆದುಕೊಳ್ಳುತ್ತಿದ್ದರು. ಮುಖಪುಟದ ಚಿತ್ರ ನೋಡಿ ಪುಟ್ಟ ಕಪಾಟಿನಲ್ಲಿ ಹಾಕಿ ಮುಚ್ಚಿದ್ದನ್ನು ದೊಡ್ಡಮ್ಮ ಓದುತ್ತಿದ್ದಳು. "ಒಂದ್ಸಲಾನೂ ತಪ್ಪಿಲ್ಲ ಕಣೇ ಇವನ ಲೆಕ್ಕ!"

"ನನ್ನ ಮಗು ಏನು ನಿನಗೆ ಥರ್ಮಾಮೀಟರಾ?" ಎಂದು ಕೂಗಿದೆ. "ಆಣೆ ಬೇರೆ ಹಾಕಿದೆ!"

"ಓದಿ ಹೇಳಿಲ್ಲ ಅಂತ ಹಾಕಿದೆ. ಸುಳ್ಳಲ್ಲ. ಅವನೇನೂ ಹೆದರೋದಿಲ್ಲ, ಹಿಡಿದು ಒಳಗೆ ಹಾಕ್ತಾನೆ, ಪೊಲೀಸಿನ ಹಾಗೆ."

"ನಾಳೆ ಕನಸಲ್ಲಿ ಬಂದ್ರೆ?"

ದೊಡ್ಡಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು. "ಬಾಗಿಲಲ್ಲಿ ಕದ್ದು ಕೇಳೋ ಹಾಗಾದ ಮೇಲೆ ನಾನಿಲ್ಲಿ ಇರಬಾರದು. ಬೇರೆ ಯಾರನ್ನಾದ್ರೂ ನೋಡ್ಕೋ" ಎಂದು ಮೆಟ್ಟಿಲಿಳಿದು ಹೋದಳು.

ಬೇರೆ ಯಾರನ್ನು? ಒಂದು ಶಿಶುವಿಹಾರಕ್ಕೆ ಹೋಗಿ ನೋಡಿದೆ. ಅಷ್ಟೊಂದು ಮಕ್ಕಳಿದ್ದೂ ಒಂದು ಸದ್ದಿಲ್ಲ. ನನಗೆ ಅದೇ ಸರಿ ಕಾಣಲಿಲ್ಲ. ಅದನ್ನು ನಡೆಸುವಾಕೆಯ ನಗು ನಾನು ಗೇಟು ದಾಟುವ ಮುಂಚೆಯೇ ಆರಿಹೋಯಿತು. ಇನ್ನೊಬ್ಬಾಕೆ ಫೋನಿನಲ್ಲಿ ಮಗುವಿನ ಹೆಸರೂ ಕೇಳದೆ ಒಪ್ಪಿಕೊಂಡಳು. ಹಾಗೆ ಒಪ್ಪುವವರು ಎಂಥವರಿರಬಹುದು? ಇತ್ತ ರಜೆ ಮುಗಿಯುತ್ತಾ ಬಂತು. ಸೋಮವಾರ ಹೋಗದಿದ್ದರೆ ಕೆಲಸವೇ ಇರುವುದಿಲ್ಲ ಎಂದು ಮ್ಯಾನೇಜರ್ ನಯವಾಗಿಯೇ ಹೇಳಿದ್ದರು. ಪುಟ್ಟನೋ, "ದೊಡ್ಡಜ್ಜಿ ಎಲ್ಲಿ?" ಎಂದು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟ. ಅದು ಇನ್ನೂ ಕೆಟ್ಟದಾಗಿತ್ತು.

ಶನಿವಾರ ಅವಳ ಮನೆಗೆ ಹೋದರೆ ಬೀಗ. ಪುಸ್ತಕದ ಅಂಗಡಿಯಲ್ಲಿ ಸಿಕ್ಕಳು, ಆ ಗೋಡೆಯ ಮುಂದೆ. ಒಂದು ತೆಗೆಯುತ್ತಿದ್ದಳು, ಇಡುತ್ತಿದ್ದಳು.

"ಆಗಿನಿಂದ ಹೀಗೇ. ಒಂದೂ ಹಿಡಿಸ್ತಿಲ್ವಂತೆ" ಎಂದು ಅಂಗಡಿಯವರು ನನ್ನೊಡನೆ ದೂರಿದರು.

"ಪುಟ್ಟನಿಗೆ ಇನ್ಮೇಲೆ ಆ ಚಿತ್ರ ತೋರಿಸಕೂಡದು" ಎಂದೆ ಅವಳ ಬೆನ್ನಿಗೆ.

"ತೋರಿಸಲ್ಲ."

"ಪುಸ್ತಕಾನೂ ನಮ್ಮನೆಗೆ ತರಬಾರದು."

"ತರಲ್ಲ. ಆದ್ರೆ ಆರಿಸೋದು ಹೇಗೆ?" ಅವಳು ತಿರುಗಿ, ಫಿಲಮ್ಮನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನನ್ನನ್ನು ನೋಡಿದಳು. "ನೀನೇ ಆರಿಸೇ."

"ನನಗೆ ಇವೆಲ್ಲ ಆಗಲ್ಲ ದೊಡ್ಡಮ್ಮ."

"ಅದಕ್ಕೇ ಹೇಳಿದ್ದು. ನಿನಗಿಂತ ಪುಕ್ಕಲಿ ಈ ಬೀದೀಲಿ ಯಾರಿದ್ದಾರೆ?"

ಅಂಗಡಿಯವರು ಕೆಮ್ಮುವ ನೆಪದಲ್ಲಿ ನಕ್ಕರು. ನಾನು ಒಂದೊಂದರ ಹಿಂಬದಿ ಓದತೊಡಗಿದೆ. ಬಾವಿ, ಪರವಾಗಿಲ್ಲ. ಕನ್ನಡಿಯೊಳಗಿನ ಮುದುಕ, ನಮ್ಮ ಮ್ಯಾನೇಜರ್‌ಗಿಂತ ವಾಸಿ. ಆಮೇಲೆ ಇನ್ನೊಂದು: ತಾಯಿ ಕೆಲಸಕ್ಕೆ ಹೋಗುತ್ತಾಳೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬ ಹೆಂಗಸು. ಒಂದು ಸಂಜೆ ತಾಯಿ ಬಾಗಿಲು ತಟ್ಟಿದರೆ ಮಗು ಒಳಗಿನಿಂದ, ಯಾರು ನೀವು, ಅನ್ನುತ್ತದೆ. ಮುಂದಕ್ಕೆ ಓದಲಾಗದೆ ಆ ಸಾಲನ್ನು ಹೆಬ್ಬೆರಳಿಂದ ಮುಚ್ಚಿದೆ.

ದೊಡ್ಡಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಅವಳ ಮುಖದ ಉತ್ಸಾಹ ಇಳಿಯಿತು.

"ಬೇಡ ಅಂದ್ರೆ ಇಟ್ಬಿಡ್ತೀನಿ ಮಗಳೇ."

ಬೇಡ ಎನ್ನಲು ಬಾಯಿ ತೆರೆದಿದ್ದೆ. ಅವಳು ನಿಜವಾಗಿಯೂ ಪುಸ್ತಕವನ್ನು ಕಪಾಟಿನತ್ತ ಚಾಚಿದ್ದಳು. ಎಷ್ಟೋ ದಿನದಿಂದ ಹುಡುಕುತ್ತಿದ್ದ ಭಯ ಕೈಗೆ ಸಿಕ್ಕಿದ್ದರೂ.

"ತಗೊಂಡು ಹೋಗು" ಎಂದೆ. "ಸೋಮವಾರ ಬೇಗ ಬಾ."

ಸೋಮವಾರ ಬಂದಳು, ಬರಿಗೈಯಲ್ಲಿ. ನಾನು ಚೀಲ ಹೆಗಲಿಗೇರಿಸುತ್ತಾ, ಏನೂ ಆಗದವಳಂತೆ ಕೇಳಿದೆ: "ಮುಗೀತಾ ಅದು?"

"ಅರ್ಧ ಆಗಿದೆ."

"ಆ ಹೆಂಗಸು ಒಳ್ಳೆಯವಳೇ ತಾನೆ?"

"ಇನ್ನೂ ಹೇಳೋಕಾಗಲ್ಲ" ಎಂದಳು ದೊಡ್ಡಮ್ಮ. "ನನಗ್ಯಾಕೋ ಆ ಅಮ್ಮನ ಮೇಲೇ ಅನುಮಾನ."

ಅವಳು ನಗುತ್ತಿದ್ದಾಳಾ ಎಂದು ಮುಖ ದಿಟ್ಟಿಸಿದೆ. ಗೊತ್ತಾಗಲಿಲ್ಲ. ಪುಟ್ಟ ಆಗಲೇ ಅವಳ ಕೈ ಹಿಡಿದು ಒಳಗೆ ಎಳೆಯುತ್ತಿದ್ದ. ನಾನು ಬಾಗಿಲು ಹೊರಗಿನಿಂದ ಎಳೆದುಕೊಂಡು, ಒಂದು ಕ್ಷಣವೂ ಅಲ್ಲಿ ನಿಲ್ಲದೆ, ಬಸ್ಸಿಗೆ ಓಡಿದೆ.