ಪ್ರಚಾರದ ಕಾಕಾನ ದನಿ

ಮೈಕಿನ ಗುಂಡಿ ಒತ್ತಿ ಒತ್ತಿ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿಬಿಟ್ಟಿತ್ತು. ಚಹಾದ ಕಪ್ಪು ಹಿಡಿದಾಗಲೂ ಅದು ಏನನ್ನೋ ಒತ್ತುತ್ತಿರುವಂತೆಯೇ ಕಾಣುತ್ತಿತ್ತು.

ಗೋಕಾಕದ ನಮ್ಮ ಓಣಿಗೆಲ್ಲ ಅವರು ಪ್ರಚಾರದ ಕಾಕಾ. ನಾಟಕ ಕಂಪನಿ ಬಂದರೆ, ಎಮ್ಮೆ ಕಳೆದರೆ, ಯಾರಾದರೂ ತೀರಿಕೊಂಡರೆ, ಧ್ವನಿವರ್ಧಕದ ಭೋಂಗಾ ಕಟ್ಟಿದ ಆಟೋದಲ್ಲಿ ಅವರ ದನಿ ಮೂಡಲಗಿಯಿಂದ ಹುಕ್ಕೇರಿವರೆಗೆ ತಿರುಗುತ್ತಿತ್ತು. ಅವರ ಕಣ್ಣು ಮಂಜಾದ ಮೇಲೆ ಸಾರಬೇಕಾದ ಸುದ್ದಿಯ ಚೀಟಿಗಳನ್ನು ದೊಡ್ಡಕ್ಷರದಲ್ಲಿ ಬರೆದುಕೊಡುವುದು ಪಕ್ಕದ ಮನೆಯವಳಾದ ನನ್ನ ಕೆಲಸವಾಯಿತು. ಕಾಕಾ ಬರೆಸಲು ಬಂದವರನ್ನು ಪೂರ್ತಿ ವಿಚಾರಿಸದೆ ಆಟೋ ಹತ್ತಿದವರಲ್ಲ. ಇಂಥ ನಟಿ ಬರುತ್ತಾಳೆ ಎಂದು ನಾಟಕದವರು ಹೇಳಿದರೆ, ಬಿಡಾರಕ್ಕೆ ಹೋಗಿ ಆಕೆಯನ್ನು ಕಣ್ಣಾರೆ ಕಂಡು ಬರುತ್ತಿದ್ದರು. ಇನ್ನೂ ಉಸಿರಾಡುತ್ತಿದ್ದ ಮಾವನ ಸಾವಿನ ಸುದ್ದಿ ಬರೆಸಲು ಬಂದ ಅವಸರದ ಅಳಿಯನನ್ನು, "ಮೊದಲ ಡಾಕ್ಟರ್ ಹೇಳ್ಲಿ, ಆಮ್ಯಾಲೆ ನಾ ಹೇಳತೇನಿ" ಎಂದು ಮರಳಿ ಕಳಿಸಿದ್ದರು.

ಎರಡು ವರ್ಷದ ಹಿಂದೆ ಜಾಹೀರಾತಿನ ಅಂಗಡಿಯವನೊಬ್ಬ ಚಹಾ ಕುಡಿಸಿ, ನೆನಪಿಗಿರಲಿ ಎಂದು ಎರಡು ಪುಟ ಓದಿಸಿ ರೆಕಾರ್ಡ್ ಮಾಡಿಕೊಂಡ. ಅಷ್ಟೇ ಸಾಕಾಯಿತು. ಆಮೇಲೆ ಏನು ಬರೆದು ಹಾಕಿದರೂ ಕಂಪ್ಯೂಟರು ಅದನ್ನು ಕಾಕಾನ ದನಿಯಲ್ಲೇ ಹೇಳತೊಡಗಿತು. ಕಾಕಾ ಮನೆಯಲ್ಲಿ ಕೂತರು, ದನಿ ಊರೂರು ತಿರುಗಿತು. ಒಂದು ದಿನ ಅದು ಕಲ್ಲೋಳಿ, ಮೇಲವಂಕಿಗಳಲ್ಲಿ, ಯಾರೂ ಕರೆದೇ ಇರದ ಸಿನಿಮಾ ನಟಿ ನಾಟಕಕ್ಕೆ ಬರುತ್ತಾಳೆಂದು ಸಾರಿತು. ಟ್ರ್ಯಾಕ್ಟರ್ ತುಂಬಿಕೊಂಡು ಬಂದ ಜನ ಮೋಸಹೋದರು. ಮರುದಿನ ಬೆಳಿಗ್ಗೆ ಅವರೆಲ್ಲ ಬಂದು ನಿಂತದ್ದು ಅಂಗಡಿಯ ಮುಂದಲ್ಲ, ಕಾಕಾನ ಬಾಗಿಲಲ್ಲಿ.

"ನಿಮ್ಮ ಮಾತ ನಂಬಿ ಕೂಸುಗೋಳ್ನ ಕಟ್ಕೊಂಡ ಬಂದೇವ್ರಿ ಕಾಕಾ. ನೀವೂ ಹಿಂಗ?" ಎಂದಳು ಮೇಲವಂಕಿಯ ಒಬ್ಬಾಕೆ. ನಾನಲ್ಲ ಎಂದರೆ ಯಾರು ನಂಬಬೇಕು? ದನಿ ಅವರದೇ ತಾನೆ.

ಅಂಗಡಿಗೆ ಕಾಕಾನ ಜೊತೆಗೆ ನಾನೂ ಹೋದೆ. ಆ ದನಿಯನ್ನು ಅಳಿಸಿಹಾಕು ಎಂದರೆ ಅಂಗಡಿಯವನು ನಕ್ಕ. "ಕಾಕಾ, ನಿಮ್ಮನ್ನ ಅಮರ ಮಾಡೇನಿ."

ನನಗೆ ಮೈ ಉರಿಯಿತು. ಕಳ್ಳತನಕ್ಕೆ ಎಷ್ಟು ಚೆಂದದ ಹೆಸರು! ಒಬ್ಬ ಮನುಷ್ಯ ನಲವತ್ತು ವರ್ಷ ಬಿಸಿಲಲ್ಲಿ ತಿರುಗಿ ಗಳಿಸಿದ ನಂಬಿಕೆಯನ್ನು ಒಂದು ಕಪ್ಪು ಚಹಾಕ್ಕೆ ಹೊಡೆದುಕೊಂಡು, ಮೇಲೆ ಉಪಕಾರದ ಮಾತು ಬೇರೆ. ಕಾಕಾ ಮಾತ್ರ ಸಣ್ಣಗೆ ಹೇಳಿದರು: "ದನಿ ಇಟ್ಕೋ ತಮ್ಮಾ. ವಿಚಾರಸೂದನ್ನೂ ಅದಕ್ಕ ಕಲಿಸು."

ಮತ್ತೆ ಅವರು ಮೈಕು ಮುಟ್ಟಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅಂಗಡಿಯವನು ಬಂದು, ಸುದ್ದಿಯನ್ನು ಕಾಕಾನ ದನಿಯಲ್ಲೇ ಪುಕ್ಕಟೆ ಸಾರಿಸುತ್ತೇನೆ ಎಂದ. ಹೆಣದ ಬಾಜೂ ಕೂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕೂ, ತಲೆ ಎತ್ತಿದರು.

"ಸತ್ತಾಂವ ತಾನ ಬಂದು ಸತ್ತೇನಿ ಅಂತ ಹೇಳತಾನೇನೋ? ನಡಿ ಹೊರಗ."

ಸುದ್ದಿ ಸಾರಲು ಮೈಕು ಹಿಡಿದು ಆಟೋದಲ್ಲಿ ನಾನೇ ಕೂತೆ. ಬೆಲ್ಲದ ಬಾಗೇವಾಡಿ ಮುಟ್ಟುವಷ್ಟರಲ್ಲಿ ಗಂಟಲು ಒಡೆದಿತ್ತು. ಮಣ್ಣು ಮಾಡುವ ಹೊತ್ತನ್ನು ಎರಡು ಸಲ ತಪ್ಪಾಗಿ ಹೇಳಿ, ಎರಡು ಸಲವೂ ತಿದ್ದಿ ಹೇಳಿದೆ. ಹೊಟೇಲಿನ ಮುಂದೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.